ಮೊದಲ ಆಲ್ಬಮ್, ಎರಡು ಲಕ್ಷದ ಆಫರ್: ಸಹಿ ಹಾಕುವ ಮುನ್ನ

ಪ್ರಶ್ನೆ: ನಾವು ಸಾಗರ ಕಡೆಯ ಐದು ಜನ ಸೇರಿ ಕನ್ನಡದಲ್ಲಿ ಆರ್ಟ್ ರಾಕ್, ಅಂದರೆ ಪ್ರಯೋಗಶೀಲ ರಾಕ್ ಸಂಗೀತ, ಮಾಡುತ್ತಿದ್ದೇವೆ. ಮೊದಲ ಆಲ್ಬಮ್ ಸಿದ್ಧವಾಗಿದೆ: ಏಳು ಹಾಡು, 42 ನಿಮಿಷ, ಅದರಲ್ಲಿ ಒಂದೇ ಹಾಡು 11 ನಿಮಿಷ. ಸ್ಟುಡಿಯೊ ಖರ್ಚಿಗೆ ನಮ್ಮ ಕೀಬೋರ್ಡ್ ವಾದಕನ ಅಣ್ಣ ಮೂರು ಲಕ್ಷ ಕೊಟ್ಟರು. ಒಂದು ಹಾಡಿನಲ್ಲಿ ಗೋಪಾಲಕೃಷ್ಣ ಅಡಿಗರ ಕವಿತೆಯ ಎಂಟು ಸಾಲು ಬರುತ್ತದೆ, ಇನ್ನೊಂದು ಶಿಶುನಾಳ ಶರೀಫರ ಪದ. ಮತ್ತೊಂದರ ನಡುವೆ ಯಕ್ಷಗಾನದ ಆಟದಲ್ಲಿ ಫೋನಿನಲ್ಲಿ ಹಿಡಿದ ಭಾಗವತಿಕೆ 20 ಸೆಕೆಂಡು ಇದೆ. ಒಂದು ಕಂಪನಿಯವರು ಎರಡು ಲಕ್ಷ ಕೊಡುತ್ತೇವೆ, ಎಲ್ಲ ಹಕ್ಕು ಶಾಶ್ವತವಾಗಿ ನಮಗೆ ಬರೆದುಕೊಡಿ, ಹಾಡುಗಳನ್ನು ಮೂರು ನಿಮಿಷಕ್ಕೆ ಇಳಿಸಿ ಎನ್ನುತ್ತಿದ್ದಾರೆ. ಗೆಳೆಯರು ನೀವೇ ಬಿಡುಗಡೆ ಮಾಡಿ ಎನ್ನುತ್ತಾರೆ. ಯಾವುದು ಸರಿ? ಹಾಡು ಕದ್ದು ಹೋಗದಂತೆ ಸಿ.ಡಿ. ಮಾಡಿ ನಮಗೇ ರಿಜಿಸ್ಟರ್ಡ್ ಪೋಸ್ಟ್ ಹಾಕಿಕೊಂಡರೆ ಸಾಕೆ? ಹೇಳಲು ಮರೆತೆ, ಡ್ರಮ್ಮರ್ ಕೆಲಸ ಸಿಕ್ಕಿ ಕೆನಡಾಕ್ಕೆ ಹೊರಟಿದ್ದಾನೆ.

ಉತ್ತರ: ಬ್ಯಾಂಡ್‌ಗಳ ಕರಾರು ಪತ್ರ ಓದುವುದೇ ನನ್ನ ಕಸುಬು. ಹಾಗಾಗಿ ನೀವು ಮರೆತು ಕೊನೆಗೆ ಸೇರಿಸಿದ ಆ ಸಾಲೇ ನನಗೆ ಮೊದಲು ಕಣ್ಣಿಗೆ ಬಿತ್ತು. ಆಮೇಲೆ ಅಣ್ಣ ಕೊಟ್ಟ ಮೂರು ಲಕ್ಷ. ಕಂಪನಿಗೆ ಕೊಡಬೇಕೋ, ನೀವೇ ಹೊರತರಬೇಕೋ ಎನ್ನುವುದು ಎರಡನೆಯ ಪ್ರಶ್ನೆ. ಈ ಆಲ್ಬಮ್ ಯಾರದು ಎನ್ನುವುದು ಮೊದಲನೆಯದು. ಅದಕ್ಕೆ ಇವತ್ತು ನಿಮ್ಮ ಹತ್ತಿರ ಉತ್ತರ ಇದ್ದಂತಿಲ್ಲ. ಉತ್ತರವಿಲ್ಲದೆ ಕಂಪನಿಗೆ ಸಹಿ ಹಾಕಿದರೂ ತೊಂದರೆ, ಸಹಿ ಹಾಕದೆ ಬಿಡುಗಡೆ ಮಾಡಿದರೂ ತೊಂದರೆ.

ಕಾನೂನಿನ ಕಣ್ಣಿಗೆ ನಿಮ್ಮ ಒಂದೊಂದು ಹಾಡೂ ಒಂದೇ ಆಸ್ತಿಯಲ್ಲ. ಸಾಹಿತ್ಯ ಬರೆದವರ ಹಕ್ಕು ಒಂದು, ಮಟ್ಟು ಹಾಕಿದವರ ಹಕ್ಕು ಇನ್ನೊಂದು. ಅದನ್ನು ನುಡಿಸಿ ಹಿಡಿದಿಟ್ಟ ಧ್ವನಿಮುದ್ರಣದ, ಅಂದರೆ ನಾವೆಲ್ಲ ಮಾಸ್ಟರ್ ಎಂದು ಕರೆಯುವುದರ ಹಕ್ಕು ಮತ್ತೊಂದು. ಹಾಡಿದವರಿಗೂ ನುಡಿಸಿದವರಿಗೂ ಕಲಾವಿದರಾಗಿ ಬೇರೆಯದೇ ಹಕ್ಕಿದೆ. 'ಹಾಡು ನಮ್ಮದು' ಎಂದು ಐವರೂ ಹೇಳುವಾಗ ಒಬ್ಬೊಬ್ಬರ ಮನಸ್ಸಿನಲ್ಲಿ ಇರುವುದು ಬೇರೆ ಬೇರೆ ಹಕ್ಕು. ಜಗಳ ಹುಟ್ಟುವುದು ಅಲ್ಲೇ.

ಮಾಸ್ಟರ್‌ನಿಂದ ಶುರು ಮಾಡೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಮೊದಲ ಒಡೆತನ ನಿರ್ಮಾಪಕರದು; ಮುದ್ರಣ ಮಾಡಿಸುವ ಮುತುವರ್ಜಿಯನ್ನೂ ಹೊಣೆಯನ್ನೂ ಹೊತ್ತವರೇ ನಿರ್ಮಾಪಕರು. ಬಾಡಿಗೆ ತೆಗೆದುಕೊಂಡ ಸ್ಟುಡಿಯೊ ಆ ಕಾರಣಕ್ಕೇ ಒಡೆಯ ಆಗುವುದಿಲ್ಲ. ಆದರೆ ದುಡ್ಡು ಕೊಟ್ಟ ಅಣ್ಣ? ಅವರು ಸಾಲ ಕೊಟ್ಟರೋ, ಉಡುಗೊರೆ ಕೊಟ್ಟರೋ, ಬಂಡವಾಳ ಹಾಕಿದರೋ? ಮನೆಯವರ ನಡುವೆ ಇದನ್ನು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಕಷ್ಟ, ಗೊತ್ತು. ಆದರೂ ಕೇಳಿ. ಸಾಲವಾದರೆ 'ಇದು ಸಾಲ, ಮಾಸ್ಟರ್ ಮೇಲೆ ನನಗೆ ಹಕ್ಕಿಲ್ಲ, ಬಂದ ಹಣದಲ್ಲಿ ಮೊದಲು ಇದು ತೀರಬೇಕು' ಎಂಬ ಮೂರು ವಾಕ್ಯದ ಪತ್ರಕ್ಕೆ ಅವರ ಸಹಿ ಸಾಕು. ಪಾಲು ಬೇಕು ಎಂದರೆ ಎಷ್ಟು ಪಾಲು, ಯಾವುದರಲ್ಲಿ, ಎಲ್ಲಿಯವರೆಗೆ ಎಂದು ಬರೆಯಿರಿ. ಅವರು ಒಳ್ಳೆಯವರೇ ಇರಬಹುದು. ಪತ್ರ ಬೇಕಾಗುವುದು ನಾಳೆ ಯಾವುದೋ ವೆಬ್ ಸರಣಿಯವರು ಹಾಡು ಕೇಳಿಕೊಂಡು ಬಂದಾಗ. ಅವರ ವಕೀಲರು ಮೊದಲು ಕೇಳುವುದೇ ಮಾಸ್ಟರ್ ಯಾರದು ಎಂದು.

ಇನ್ನು ಮಟ್ಟು. ನಿಮ್ಮಂಥ ಬ್ಯಾಂಡ್‌ಗಳಲ್ಲಿ ಹಾಡು ಜಾಮ್ ಮಾಡುತ್ತ, ಅಂದರೆ ಎಲ್ಲರೂ ಕೂತು ಮನಸ್ಸಿಗೆ ಬಂದಂತೆ ನುಡಿಸುತ್ತ ಹುಟ್ಟುತ್ತದೆ. ಯಾರೂ ಸ್ವರಲಿಪಿ ಬರೆದಿಟ್ಟಿರುವುದಿಲ್ಲ. ಬರೆದಿಡದಿದ್ದರೆ ಹಕ್ಕಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಸಂಗೀತ ರಚಿಸಿದವರು ಅದನ್ನು ಲಿಪಿಯಲ್ಲಿ ಇಟ್ಟಿರಲಿ ಬಿಡಲಿ, ಅವರೇ ಸಂಗೀತಕಾರರು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ ಡ್ರಮ್ಮರ್ ಸಂಗೀತಕಾರನೋ, ಬರೇ ವಾದಕನೋ? ಇದಕ್ಕೆ ಕಾನೂನಿನ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. 11 ನಿಮಿಷದ ಹಾಡು ಅವನ ಏಳು ಮಾತ್ರೆಯ ಆವರ್ತದ ಮೇಲೆಯೇ ಕಟ್ಟಿದ್ದಾದರೆ ಅವನದು ರಚನೆಯ ಪಾಲು ಎಂದು ನಾನು ವಾದಿಸುತ್ತೇನೆ. ಮೊದಲೇ ಸಿದ್ಧವಾಗಿದ್ದ ಹಾಡಿಗೆ ಲಯ ಹಿಡಿದಿದ್ದರೆ ಅಲ್ಲ ಎಂದು ಎದುರಿನ ವಕೀಲರು ವಾದಿಸುತ್ತಾರೆ. ಇಬ್ಬರ ಫೀಸನ್ನೂ ನೀವೇ ಕೊಡುತ್ತೀರಿ. ಅದರ ಬದಲು ಏಳು ಹಾಡಿಗೂ ಒಂದೊಂದು ಸಾಲು ಹಾಕಿ ಸಾಹಿತ್ಯ ಯಾರದು ಎಷ್ಟು, ಮಟ್ಟು ಯಾರದು ಎಷ್ಟು ಎಂಬ ಶೇಕಡಾವಾರು ಹಾಳೆ ಮಾಡಿ, ಐವರೂ ಸಹಿ ಹಾಕಿ. ಡ್ರಮ್ಮರ್ ವಿಮಾನ ಹತ್ತುವ ಮುಂಚೆ. ಊರು ಬಿಟ್ಟ ಮೇಲೆ ಸಹಿಯೂ ಸಿಗುವುದಿಲ್ಲ, ಆ ಹೊತ್ತಿನ ಸೌಹಾರ್ದವೂ ಇರುವುದಿಲ್ಲ.

ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಏನಾಗುತ್ತದೆ? ಸೇರಿ ವ್ಯವಹಾರ ಮಾಡಿ ಲಾಭ ಹಂಚಿಕೊಳ್ಳುತ್ತಿದ್ದರೆ ನಿಮ್ಮನ್ನು 1932ರ ಪಾಲುದಾರಿಕೆ ಕಾಯ್ದೆಯಡಿ ಪಾಲುದಾರರು ಎಂದು ನೋಡುವ ಸಾಧ್ಯತೆಯಿದೆ. ಬೇರೆ ಮಾತು ಆಗಿಲ್ಲದಿದ್ದರೆ ಲಾಭವೂ ನಷ್ಟವೂ ಸಮಪಾಲು ಎಂದು ಆ ಕಾಯ್ದೆ ಹೇಳುತ್ತದೆ. ಏಳು ಹಾಡನ್ನೂ ಒಬ್ಬರೇ ಬರೆದಿದ್ದರೆ ಅವರಿಗೆ ಈ ಸಮಪಾಲು ಹಿಡಿಸಲಿಕ್ಕಿಲ್ಲ. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಒಬ್ಬ ಸದಸ್ಯ ನೋಟಿಸ್ ಕೊಟ್ಟು ಮುಗಿಸಲೂಬಹುದು. ಬ್ಯಾಂಡ್ ಬಿಟ್ಟವರಿಗೆ ಹಳೆಯ ಹಾಡುಗಳ ಪಾಲು ಮುಂದುವರಿಯುತ್ತದೆಯೇ, ಬ್ಯಾಂಡಿನ ಹೆಸರು ಯಾರ ಹತ್ತಿರ ಉಳಿಯುತ್ತದೆ, ಯಾರ ಬ್ಯಾಂಕ್ ಖಾತೆಗೆ ಹಣ ಬರುತ್ತದೆ ಎಂಬುದನ್ನೂ ಅದೇ ಒಪ್ಪಂದದಲ್ಲಿ ಸೇರಿಸಿ. ಹೆಸರಿನ ಮೇಲೆ ಆಸೆಯಿದ್ದರೆ ಮನರಂಜನಾ ಸೇವೆಗಳ 41ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಬಹುದು. ವ್ಯಕ್ತಿಗಳು ಆನ್‌ಲೈನಿನಲ್ಲಿ ಸಲ್ಲಿಸಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ.

ರಿಜಿಸ್ಟರ್ಡ್ ಪೋಸ್ಟ್ ವಿಷಯ ಬೇಗ ಮುಗಿಸುತ್ತೇನೆ: ಬೇಡ. ಕೃತಿಸ್ವಾಮ್ಯ ಹುಟ್ಟುವುದು ಕೃತಿ ಹುಟ್ಟಿದಾಗ. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಮುಚ್ಚಿದ ಲಕೋಟೆಗಿಂತ ನಿಮ್ಮ ಸ್ಟುಡಿಯೊ ಫೈಲ್‌ಗಳು, ದಿನಾಂಕವಿರುವ ಡೆಮೊಗಳು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡ ಹರಕು ಮುರುಕು ರೆಕಾರ್ಡಿಂಗ್‌ಗಳೇ ಒಳ್ಳೆಯ ಸಾಕ್ಷಿ. ಅವನ್ನು ಅಳಿಸಬೇಡಿ. ಸರ್ಕಾರಿ ಕಾಗದವೇ ಬೇಕು ಅನಿಸಿದರೆ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಅಥವಾ ಸಂಗೀತ ಕೃತಿಯೊಂದಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ.

ಈಗ ನನಗೆ ನಿಜಕ್ಕೂ ಚಿಂತೆ ತಂದ ಮೂರು ಹಾಡುಗಳು.

ಅಡಿಗರು ತೀರಿಕೊಂಡಿದ್ದು 1992ರಲ್ಲಿ. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಮರಣದ ಮರುವರ್ಷದ ಆರಂಭದಿಂದ 60 ವರ್ಷ ನಿಲ್ಲುತ್ತದೆ. ಅಂದರೆ ಅವರ ಕವಿತೆಗಳ ಹಕ್ಕು 2052ರ ಕೊನೆಯವರೆಗೂ ಇರುತ್ತದೆ. ಎಂಟೇ ಸಾಲು ತಾನೆ ಎನ್ನಬೇಡಿ. ಇಷ್ಟು ಸಾಲು, ಇಷ್ಟು ಸೆಕೆಂಡು ಪುಕ್ಕಟೆ ಎನ್ನುವ ಲೆಕ್ಕ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಸಣ್ಣ ಕವಿತೆಯಲ್ಲಿ ಎಂಟು ಸಾಲು ಎಂದರೆ ಅರ್ಧ ಕವಿತೆ. ಹಕ್ಕುದಾರರಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಪುಸ್ತಕದ ಪ್ರಕಾಶಕರನ್ನು ಕೇಳಿದರೆ ಹಕ್ಕು ಯಾರ ಹತ್ತಿರ ಇದೆ ಎಂಬುದಾದರೂ ತಿಳಿಯುತ್ತದೆ. ಕೇಳುವಾಗ ಸಾಲುಗಳನ್ನು ಹೇಗೆ ಬಳಸಿದ್ದೀರಿ, ಎಲ್ಲಿ ಮುರಿದಿದ್ದೀರಿ, ಎಲ್ಲಿ ಮರುಕಳಿಸಿದ್ದೀರಿ ಎಂಬುದನ್ನೂ ಕೇಳಿಸಿ. ಕೃತಿಯನ್ನು ವಿಕಾರ ಮಾಡಿದರೆ ಆಕ್ಷೇಪಿಸುವ ಹಕ್ಕು ಲೇಖಕರಿಗೆ ಬೇರೆಯೇ ಇದೆ. ಅವರ ನಂತರ ವಾರಸುದಾರರು ಅದನ್ನು ಚಲಾಯಿಸಬಹುದು. ಆರ್ಟ್ ರಾಕ್‌ನಲ್ಲಿ ಪದಗಳನ್ನು ಹಿಂದುಮುಂದು ಮಾಡಿ, ದನಿಯನ್ನು ಹಿಂಜಿ ಬಿಡುವುದೇ ಮಜಾ. ಕವಿಯ ಮನೆಯವರಿಗೆ ಅದು ಮೊದಲ ಸಲಕ್ಕೆ ಮಜಾ ಅನಿಸದೆಯೂ ಇರಬಹುದು.

ಶರೀಫರ ಪದದ್ದು ಇದರ ತಿರುಗುಮುರುಗು. ಶರೀಫರ ಕಾಲ 1819ರಿಂದ 1889. ಸಾಹಿತ್ಯದ ಮೇಲೆ ಯಾರದೂ ಹಕ್ಕಿಲ್ಲ. ಆದರೆ ನೀವು ಅದನ್ನು ಯಾವ ಮಟ್ಟಿನಲ್ಲಿ ಹಾಡಿದ್ದೀರಿ ಎಂದು ಬರೆದಿಲ್ಲ. ಶರೀಫರ ಎಷ್ಟೋ ಪದಗಳನ್ನು ನಾವೆಲ್ಲ 'ಹಳೆಯ ಧಾಟಿ' ಎಂದುಕೊಂಡು ಹಾಡುವುದು ಸಿ. ಅಶ್ವತ್ಥ್ ಹಾಕಿದ ಮಟ್ಟಿನಲ್ಲಿ. ಅಶ್ವತ್ಥ್ ತೀರಿಕೊಂಡಿದ್ದು 2009ರಲ್ಲಿ. ಅವರ ಸ್ವರ ಸಂಯೋಜನೆಗಳು 2069ರವರೆಗೆ ಯಾರದಾದರೂ ಸ್ವತ್ತು. ಗಿಟಾರ್ ಹಾಕಿ, ಲಯ ಬದಲಿಸಿ ನುಡಿಸಿದರೂ ಮಟ್ಟು ಗುರುತು ಸಿಕ್ಕರೆ ಅನುಮತಿ ಬೇಕು. ಜನಪದ, ವಚನ, ದಾಸರ ಪದ ಎಂದರೆ ಎಲ್ಲವೂ ಮುಕ್ತ ಎಂದುಕೊಂಡು ಸಿಕ್ಕಿಬೀಳುವವರು ಹೆಚ್ಚಾಗಿ ಇಲ್ಲೇ ಬೀಳುವುದು. ಪದ ಮುಕ್ತ, ಮಟ್ಟು ಅಲ್ಲ. ನಿಮ್ಮದೇ ಹೊಸ ಮಟ್ಟಾದರೆ ನಿಶ್ಚಿಂತೆ, ಆ ಮಟ್ಟಿನ ಹಕ್ಕು ನಿಮ್ಮದೇ.

ಭಾಗವತಿಕೆಯ ತುಣುಕು ಮೂರರಲ್ಲಿ ಹೆಚ್ಚು ಸೂಕ್ಷ್ಮ. ಪ್ರಸಂಗದ ಪದ್ಯ ಹಳೆಯದಿರಬಹುದು. ಆದರೆ ಅಂದು ರಾತ್ರಿ ಹಾಡಿದ ಭಾಗವತರ ಗಾಯನ, ಮದ್ದಳೆ ಚಂಡೆಯವರ ನುಡಿತ ಅವರ ಹಕ್ಕು. ಒಪ್ಪಿಗೆಯಿಲ್ಲದೆ ಮುದ್ರಿಸಿ ವ್ಯಾಪಾರಕ್ಕೆ ಬಳಸುವಂತಿಲ್ಲ. ಈ ರಕ್ಷಣೆ 50 ವರ್ಷ ಇರುತ್ತದೆ. ನಿಮ್ಮ ಸಂತೋಷಕ್ಕೆ ಫೋನಿನಲ್ಲಿ ಹಿಡಿದು ಕೇಳುವುದು ಬೇರೆ ಮಾತು. ನನ್ನ ಸಲಹೆ: ಭಾಗವತರನ್ನು ಹೋಗಿ ಕಾಣಿ, ಹಾಡು ಕೇಳಿಸಿ, ಸಂಭಾವನೆ ಕೊಟ್ಟು ಸ್ಟುಡಿಯೊದಲ್ಲಿ ಹೊಸದಾಗಿ ಹಾಡಿಸಿ, ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಜನರೇಟರ್ ಸದ್ದಿನ ನಡುವಿನ ಆ ಒರಟು ದನಿಯೇ ಬೇಕು ಅಂದರೆ ಅದೇ ತುಣುಕಿಗೆ ಹಾಡಿದವರ, ನುಡಿಸಿದವರ ಎಲ್ಲರ ಸಹಿ ಪಡೆಯಿರಿ. ಈ ಮೂರೂ ಇತ್ಯರ್ಥವಾಗದೆ ಕಂಪನಿಯ ಕರಾರಿಗೆ ಕೈ ಹಾಕಬೇಡಿ. 'ಎಲ್ಲವೂ ನಮ್ಮ ಸ್ವಂತದ್ದು, ಯಾರಾದರೂ ತಕರಾರು ತೆಗೆದರೆ ನಷ್ಟ ನಾವು ಭರಿಸುತ್ತೇವೆ' ಎಂಬ ಷರತ್ತು ಇಂಥ ಕರಾರುಗಳಲ್ಲಿ ಸಾಮಾನ್ಯ.

ಕಂಪನಿಯ ಎರಡು ಲಕ್ಷ. ಅದು ಬಹುಮಾನವಲ್ಲ. ಕರಾರಿನಲ್ಲಿ ಅದನ್ನು ಏನೆಂದು ಕರೆದಿದ್ದಾರೆ ನೋಡಿ. ಮುಂಗಡ ಎಂದಿದ್ದರೆ ನಿಮ್ಮ ಪಾಲಿನಿಂದ ಮುರಿದುಕೊಳ್ಳುತ್ತಾರೆ. ನಿಮ್ಮ ಪಾಲು ಶೇಕಡಾ 20 ಅಂತಿಟ್ಟುಕೊಳ್ಳಿ. ಆಲ್ಬಮ್ ಒಟ್ಟು ಹತ್ತು ಲಕ್ಷ ದುಡಿದಾಗ ನಿಮ್ಮ ಪಾಲು ಎರಡು ಲಕ್ಷವಾಗಿ ಮುಂಗಡ ತೀರುತ್ತದೆ. ಅಲ್ಲಿಯವರೆಗೆ ನಿಮಗೆ ಹೊಸದಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಆ ಹೊತ್ತಿಗೆ ಕಂಪನಿಯ ಕೈಯಲ್ಲಿ ಎಂಟು ಲಕ್ಷ ಉಳಿದಿರುತ್ತದೆ, ಪ್ರಚಾರದ ಖರ್ಚನ್ನೂ ನಿಮ್ಮ ಲೆಕ್ಕಕ್ಕೆ ಹಾಕಿದ್ದರೆ ಇನ್ನೂ ಹೆಚ್ಚು. ಅಣ್ಣ ಕೊಟ್ಟಿದ್ದೇ ಮೂರು ಲಕ್ಷ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ.

ಇದಕ್ಕಿಂತ ನನಗೆ ಚುಚ್ಚುವುದು 'ಶಾಶ್ವತವಾಗಿ' ಎಂಬ ಪದ. ನಿಮ್ಮ ಕಡೆಯ ಮಾತಿನಲ್ಲೇ ಹೇಳುವುದಾದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದು ಬೇರೆ, ತೋಟವನ್ನೇ ಬರೆದುಕೊಡುವುದು ಬೇರೆ. ಮಾಸ್ಟರ್ ಅನ್ನು ಐದೋ ಏಳೋ ವರ್ಷಕ್ಕೆ ಲೈಸೆನ್ಸ್ ಕೊಡಬಹುದು. ಅವಧಿ ಮುಗಿದ ಮೇಲೆ ನಿಮಗೆ ವಾಪಸ್. ಕಾನೂನು ಕೂಡ ಲೇಖಕರ ಕಡೆ ಸ್ವಲ್ಪ ಒಲಿದೇ ಇದೆ: ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಕೊಂಡವರು ಒಂದು ವರ್ಷದೊಳಗೆ ಬಳಸದೆ ಸುಮ್ಮನೆ ಇಟ್ಟುಕೊಂಡರೆ ಆ ವರ್ಗಾವಣೆ ಬಿದ್ದುಹೋಗುತ್ತದೆ. ಆದರೆ ಇದೆಲ್ಲ ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದಾಗ ಮಾತ್ರ. ಕಂಪನಿಯ ವಕೀಲರು ಸಾಮಾನ್ಯವಾಗಿ ಬರೆದೇ ಇರುತ್ತಾರೆ. ನಿಮ್ಮ ಕರಾರಿನಲ್ಲಿ ಆ ಸಾಲು ಹುಡುಕಿ.

ಒಂದನ್ನು ಮಾತ್ರ ಅವರು ಬರೆಸಿಕೊಂಡರೂ ಪ್ರಯೋಜನವಿಲ್ಲ. 2012ರ ತಿದ್ದುಪಡಿಯ ನಂತರ, ಸಿನಿಮಾದಲ್ಲಿಲ್ಲದ ಧ್ವನಿಮುದ್ರಣದಲ್ಲೂ ಸಾಹಿತ್ಯ ಬರೆದವರು, ಸಂಗೀತ ರಚಿಸಿದವರು ತಮ್ಮ ರಾಯಧನದ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಹೊರತು ಬೇರೆಯವರಿಗೆ ಕೊಡಲೂ ಆಗುವುದಿಲ್ಲ. ಇದನ್ನು ವಸೂಲಿ ಮಾಡುವ ಸಂಘ ಐಪಿಆರ್‌ಎಸ್, 1969ರಿಂದ ಇದೆ. ನಿಮ್ಮಲ್ಲಿ ಬರೆದವರು, ಮಟ್ಟು ಹಾಕಿದವರು ಅದರ ಸದಸ್ಯರಾಗಿ ಹಾಡುಗಳನ್ನು ದಾಖಲಿಸಿ, ಮೇಲೆ ಹೇಳಿದ ಶೇಕಡಾವಾರು ಹಾಳೆ ಅಲ್ಲೂ ಬೇಕಾಗುತ್ತದೆ. ಹಾಡಿದವರು, ನುಡಿಸಿದವರ ರಾಯಧನಕ್ಕೆ ಇಸಾಮ್ರಾ ಎಂಬ ಇನ್ನೊಂದು ಸಂಘವಿದೆ. ಸ್ವತಂತ್ರ ಬ್ಯಾಂಡ್‌ಗಳು ಇದರ ಗೋಜಿಗೇ ಹೋಗದೆ, ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೊಟ್ಟಿದ್ದೇ ಎಲ್ಲ ಎಂದುಕೊಂಡು ಕೂರುತ್ತವೆ. ಡಿಸ್ಟ್ರಿಬ್ಯೂಟರ್ ಕೊಡುವುದು ಮಾಸ್ಟರ್‌ನ ಹಣ ಮಾತ್ರ.

ನೀವೇ ಬಿಡುಗಡೆ ಮಾಡುವ ದಾರಿಗೆ ಬರೋಣ. ಇದರ ಬಗ್ಗೆ ಮಾತು ಬಂದಾಗ ಯಾರಾದರೂ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೊಹೆಡ್‌ನ ಉದಾಹರಣೆ ತೆಗೆದೇ ತೆಗೆಯುತ್ತಾರೆ: 2007ರಲ್ಲಿ ಅವರು ಕಂಪನಿಯಿಲ್ಲದೆ, 'ಮನಸ್ಸಿಗೆ ಬಂದಷ್ಟು ಕೊಡಿ' ಎಂದು ಆಲ್ಬಮ್ ಬಿಟ್ಟರಲ್ಲ ಎಂದು. ನಿಜ, ಆದರೆ ಅದು ಅವರ ಏಳನೆಯ ಆಲ್ಬಮ್. 1993ರ ಮೊದಲನೆಯದರಿಂದ ಆರನೆಯದರವರೆಗೆ ದೊಡ್ಡ ಕಂಪನಿಯೊಂದು ಜಗತ್ತಿಗೆಲ್ಲ ತಲುಪಿಸಿದ ಹೆಸರು ಅದು. ನಿಮಗೆ ಆ ಹೆಸರಿಲ್ಲ. ಕೇಳುಗರನ್ನು ಒಬ್ಬೊಬ್ಬರನ್ನಾಗಿ ಹುಡುಕುವ ಕೆಲಸ ನಿಮ್ಮದೇ ಎಂಬ ಅಂದಾಜು ಇಟ್ಟುಕೊಂಡೇ ಈ ದಾರಿ ಹಿಡಿಯಿರಿ.

ಸ್ಟ್ರೀಮಿಂಗ್‌ನಲ್ಲಿ 'ಒಂದು ಕೇಳುವಿಕೆಗೆ ಇಷ್ಟು ಪೈಸೆ' ಎಂಬ ನಿಗದಿ ದರವಿಲ್ಲ. ಆಯಾ ದೇಶದಲ್ಲಿ ಬಂದ ಹಣವನ್ನು ಒಟ್ಟು ಕೇಳುವಿಕೆಯಲ್ಲಿ ನಿಮ್ಮ ಪಾಲಿಗೆ ತಕ್ಕಂತೆ ಹಂಚುತ್ತಾರೆ. ಭಾರತದಲ್ಲಿ ಚಂದಾ ಕಡಿಮೆ, ಪುಕ್ಕಟೆ ಕೇಳುವವರು ಜಾಸ್ತಿ. ಹಾಗಾಗಿ ನ್ಯೂಜೆರ್ಸಿಯ ಕನ್ನಡಿಗರೊಬ್ಬರು ಕೇಳಿದರೆ ಬರುವ ಹಣ ಶಿವಮೊಗ್ಗದಲ್ಲಿ ಕೇಳಿದ್ದಕ್ಕಿಂತ ಹೆಚ್ಚು. ಸ್ಪಾಟಿಫೈನಲ್ಲಿ 30 ಸೆಕೆಂಡು ದಾಟಿದರೆ ಒಂದು ಕೇಳುವಿಕೆ. ಹಾಡು ಎರಡು ನಿಮಿಷದ್ದಿರಲಿ, 11 ನಿಮಿಷದ್ದಿರಲಿ ಲೆಕ್ಕ ಒಂದೇ. ಕಂಪನಿಯವರು ಕತ್ತರಿಸಿ ಎನ್ನುವುದು ಇದಕ್ಕೇ. ಅವರ ಮಾತು ಸುಳ್ಳಲ್ಲ. ಆದರೆ 2024ರಿಂದ ಅಲ್ಲಿ ಇನ್ನೊಂದು ನಿಯಮವಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವೇ ಇಲ್ಲ. ಏಳು ಹಾಡನ್ನು ಹದಿನಾಲ್ಕು ತುಂಡು ಮಾಡಿದರೆ ಆ ಗೆರೆಯನ್ನು ಹದಿನಾಲ್ಕು ಸಲ ದಾಟಬೇಕು. ಮೊದಲ ಆಲ್ಬಮ್‌ನ ಮಟ್ಟಿಗೆ ಕತ್ತರಿಸಿ ಗಳಿಸುವುದು ಅಷ್ಟರಲ್ಲೇ ಇದೆ. 11 ನಿಮಿಷದ್ದನ್ನು ಹಾಗೇ ಇಡಿ. ಬೇಕಿದ್ದರೆ ನಾಲ್ಕು ನಿಮಿಷದ ಒಂದು ಕಿರುರೂಪ ಬೇರೆಯಾಗಿ ಬಿಡಿ. ಅದಕ್ಕೆ ಬೇರೆ ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಒಂದೊಂದು ಧ್ವನಿಮುದ್ರಣಕ್ಕೂ ಇರುವ ಗುರುತಿನ ಸಂಖ್ಯೆ, ಬೇಕು. ಆಲ್ಬಮ್‌ಗೆ ಮುಂಚೆ ಸಿಂಗಲ್ ಆಗಿ ಬಿಡುವ ಹಾಡಿಗೆ ಮಾತ್ರ ಆಲ್ಬಮ್‌ನಲ್ಲೂ ಅದೇ ಸಂಖ್ಯೆ, ಅದೇ ಫೈಲ್ ಕೊಡಿ. ಆಗ ಹಳೆಯ ಕೇಳುವಿಕೆಗಳ ಎಣಿಕೆ ಜೊತೆಗೆ ಬರುತ್ತದೆ.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ದನಿಯನ್ನು ಕೊನೆಯ ಸಲ ಹದ ಮಾಡುವವರು 'ಸಿನಿಮಾ ಹಾಡಿನಷ್ಟು ಜೋರು ಮಾಡ್ತೇನೆ' ಎಂದರೆ ಬೇಡ ಅನ್ನಿ. ಸ್ಪಾಟಿಫೈ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಎಲ್ಲವನ್ನೂ ತರುತ್ತದೆ; ಹೆಚ್ಚು ಜೋರಿದ್ದನ್ನು ತಗ್ಗಿಸುತ್ತದೆ. ಹಿಂಡಿ ಜೋರು ಮಾಡಿದ ಹಾಡು ಅಲ್ಲಿ ತಗ್ಗುತ್ತದೆ, ಹಿಂಡಿದ ಸಪ್ಪೆತನ ಮಾತ್ರ ಉಳಿಯುತ್ತದೆ. ನಿಮ್ಮಂಥ ಸಂಗೀತಕ್ಕೆ ಸಂತಸದ ವಿಷಯವೆಂದರೆ ಆಲ್ಬಮ್ ಅನ್ನು ಕ್ರಮವಾಗಿ ಕೇಳುವಾಗ ಹಾಡಿನಿಂದ ಹಾಡಿಗೆ ಈ ತಿದ್ದುಪಡಿ ಬದಲಾಗುವುದಿಲ್ಲ. ಪಿಸುದನಿಯ ಹಾಡು ಪಿಸುದನಿಯಲ್ಲೇ ಉಳಿಯುತ್ತದೆ.

ಡಿಸ್ಟ್ರಿಬ್ಯೂಟರ್ ಆರಿಸುವಾಗ ವಾರ್ಷಿಕ ಶುಲ್ಕದವರೋ, ಪಾಲು ಹಿಡಿಯುವವರೋ ನೋಡಿ. ವಾರ್ಷಿಕದವರಿಗೆ ಒಂದು ವರ್ಷ ಕಟ್ಟುವುದು ಮರೆತರೆ ಹಾಡು ಇಳಿದುಹೋಗುವ ಅಪಾಯವಿದೆ, ಷರತ್ತು ಓದಿ. ಬೇರೆಯವರ ವಿಡಿಯೊಗಳಲ್ಲಿ ನಿಮ್ಮ ಹಾಡನ್ನು ತಾನಾಗಿ ಪತ್ತೆ ಹಚ್ಚುವ ಯೂಟ್ಯೂಬಿನ ಕಂಟೆಂಟ್ ಐಡಿಗೆ ಸೇರಿಸಲೇ ಎಂದು ಕೇಳುತ್ತಾರೆ. ಎಲ್ಲರಿಗೂ ಸಿಗುವ ಲೂಪ್ (ಸಿದ್ಧ ಸಂಗೀತದ ತುಣುಕು) ಅಥವಾ ತಂಬೂರಿ ಆ್ಯಪ್‌ನ ಶ್ರುತಿ ಬಳಸಿದ ಹಾಡುಗಳನ್ನು ಸೇರಿಸಬೇಡಿ. ಅದೇ ಲೂಪ್ ಬಳಸಿದ ಬೇರೆಯವರ ಮೇಲೆ ನಿಮ್ಮ ಹೆಸರಿನಲ್ಲಿ ಸುಳ್ಳು ಹಕ್ಕೊತ್ತಾಯ ಹೋಗುತ್ತದೆ. ನೇರ ಮಾರಾಟಕ್ಕೆ ಬ್ಯಾಂಡ್‌ಕ್ಯಾಂಪ್ ಇದೆ. ಡಿಜಿಟಲ್ ಮಾರಾಟದಲ್ಲಿ ಶೇಕಡಾ 15, ಸಿ.ಡಿ. ಟೀಶರ್ಟ್‌ನಂಥ ವಸ್ತುಗಳಲ್ಲಿ ಶೇಕಡಾ 10 ಹಿಡಿಯುತ್ತಾರೆ. ಇಡೀ ಆಲ್ಬಮ್ ಕೊಳ್ಳುವ ಒಬ್ಬ ಅಭಿಮಾನಿ ಸ್ಟ್ರೀಮಿಂಗ್‌ನ ನೂರಾರು ಕೇಳುವಿಕೆಗೆ ಸಮ. 'ಐವತ್ತು ಸಾವಿರ ಸ್ಟ್ರೀಮ್ ಕೊಡಿಸುತ್ತೇವೆ' ಎಂದು ಬರುವವರನ್ನು ಹತ್ತಿರ ಸೇರಿಸಬೇಡಿ. ಬಾಟ್‌ಗಳ ಕೇಳುವಿಕೆ ಪತ್ತೆಯಾದರೆ ದಂಡ ಬೀಳುತ್ತದೆ, ಡಿಸ್ಟ್ರಿಬ್ಯೂಟರ್ ಆಲ್ಬಮ್ಮನ್ನೇ ಇಳಿಸಬಹುದು.

ಕೇಳುಗರ ವಿಷಯದಲ್ಲಿ ನೀವು ಬೆಂಗಳೂರಿನ ಕಡೆ ನೋಡುತ್ತಿರಬಹುದು. ಆದರೆ ನೀನಾಸಂ ರಂಗಸಂಸ್ಥೆಯ ಹೆಗ್ಗೋಡು ನಿಮ್ಮ ಮಗ್ಗುಲಲ್ಲೇ ಇದೆ. ಮೂರು ತಾಸಿನ ನಾಟಕವನ್ನು ಅಲುಗಾಡದೆ ನೋಡಿ ಅಭ್ಯಾಸವಾದ ಜನ ಅಲ್ಲಿ, ಸುತ್ತಿನ ಊರುಗಳಲ್ಲಿ ಇದ್ದಾರೆ. 42 ನಿಮಿಷ ಕೇಳುವ ವ್ಯವಧಾನ ಅವರಲ್ಲಿ ಇಲ್ಲದಿದ್ದರೆ ಇನ್ನೆಲ್ಲಿಯೂ ಇರಲಿಕ್ಕಿಲ್ಲ. ಒಂದು ಸಣ್ಣ ಸಭಾಂಗಣ, ಒಳ್ಳೆಯ ಸ್ಪೀಕರ್, ಇಡೀ ಆಲ್ಬಮ್ ಒಂದೇ ಉಸಿರಿಗೆ, ಬಾಗಿಲಲ್ಲಿ ಸಿ.ಡಿ.ಯೋ ಡೌನ್‌ಲೋಡ್ ಚೀಟಿಯೋ ಇಟ್ಟು ಮಾರಿ.

ಕಂಪನಿಗೆ ಏನು ಹೇಳುವುದು? ಬಾಗಿಲು ಹಾಕಬೇಡಿ. 'ರಚನೆಯ ಹಕ್ಕು ಕೊಡುವುದಿಲ್ಲ. ಮಾಸ್ಟರ್ ಐದು ವರ್ಷಕ್ಕೆ ಲೈಸೆನ್ಸ್. ಹಾಡು ಕತ್ತರಿಸುವಂತಿಲ್ಲ. ಆರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಒಂದು ವರ್ಷದೊಳಗೆ ಬಿಡುಗಡೆ ಮಾಡದಿದ್ದರೆ ಹಕ್ಕು ವಾಪಸ್' ಎಂದು ಮರುಪತ್ರ ಬರೆಯಿರಿ. ಮುಂಗಡ ಎರಡು ಲಕ್ಷದಿಂದ ಐವತ್ತು ಸಾವಿರಕ್ಕೆ ಇಳಿದರೂ ಇದು ಒಳ್ಳೆಯ ಕರಾರು. ಒಪ್ಪದಿದ್ದರೆ ನೀವೇ ಹೊರತನ್ನಿ. ಹಾಗೆ ಮಾಡಿದರೆ ಅಣ್ಣನ ಹಣ ತೀರಲು ವರ್ಷಗಳೇ ಹಿಡಿಯಬಹುದು ಎಂದು ಅವರಿಗೆ ಈಗಲೇ ಹೇಳಿಬಿಡಿ.

ಬಿಡುಗಡೆಗೆ ಶುಕ್ರವಾರ ಹಿಡಿಯಿರಿ, ಹೊಸ ಸಂಗೀತ ಬರುವ ದಿನ ಅದೇ. ಫೈಲ್‌ಗಳನ್ನು ನಾಲ್ಕು ವಾರ ಮೊದಲೇ ಏರಿಸಿ. ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಕಳಿಸಲು ಕನಿಷ್ಠ ಏಳು ದಿನ ಇರಬೇಕು, ಒಂದು ಸಲಕ್ಕೆ ಒಂದೇ ಹಾಡು ಕಳಿಸಲು ಸಾಧ್ಯ. ಭಾಷೆ ಎಂಬಲ್ಲಿ ಕನ್ನಡವನ್ನೇ ಆರಿಸಿ. ಬ್ಯಾಂಡಿನ ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲೆಡೆ ಒಂದೇ ಇರಲಿ, ಇಲ್ಲದಿದ್ದರೆ ನಿಮ್ಮ ಹಾಡು ಯಾರದೋ ಪುಟದಲ್ಲಿ ಕೂರುತ್ತದೆ. ಈ ನಾಲ್ಕು ವಾರದ ಎಣಿಕೆ ಶುರುವಾಗಬೇಕಾದ್ದು ಅಡಿಗರ ಸಾಲುಗಳ ಅನುಮತಿ, ಭಾಗವತರ ಒಪ್ಪಿಗೆ, ಡ್ರಮ್ಮರ್ ಸಹಿ ಮೂರೂ ಕೈಗೆ ಬಂದ ದಿನದಿಂದ. ಅನುಮತಿ ತಡವಾದರೆ ಆ ಹಾಡನ್ನು ಬಿಟ್ಟು ಆರು ಹಾಡಿನ ಆಲ್ಬಮ್ ತನ್ನಿ; ಏಳನೆಯದು ಆಮೇಲೆ ಸಿಂಗಲ್ ಆಗಿ ಬರಬಹುದು.